ಕೆಲಸ ಪಕ್ಕಾ ಇದ್ದರೂ ರೇಟಿಂಗ್ ಯಾಕೆ ಇಳಿಯಿತು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆ ಕೇಳಲು ಒಬ್ಬರು ಬಂದಿದ್ದರು. ಲೆಕ್ಕಪತ್ರ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸಕ್ಕೆ ಒಳ್ಳೆಯ ರೇಟಿಂಗ್ ಪಡೆದವರು ಅವರು. ಗ್ರಾಹಕರ ದೂರು ನೋಡುವ ತಂಡಕ್ಕೆ ಲೀಡ್ ಆದ ಮೇಲೆ ಅದು ಸರ್ರನೆ ಇಳಿಯಿತು. "ನಂದು ಮಾತು ಕಮ್ಮಿ ಮೇಡಂ. ನನ್ನ ಸ್ವಭಾವನೇ ಇದಕ್ಕೆ ಆಗಿಬರಲ್ಲ, ಅಲ್ವಾ?" ಎಂದರು.

ಸ್ವಭಾವದ ಮಾತು ಆಮೇಲೆ, ಇತ್ತೀಚೆಗೆ ಕೆಟ್ಟದಾಗಿ ಹೋದ ಒಂದು ದಿನವನ್ನು ಬಿಡಿಸಿ ಹೇಳಿ ಎಂದೆ. ಬೆಳಗ್ಗೆ ಒಬ್ಬ ಗ್ರಾಹಕ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದಿದ್ದ. ಇವರು ನಯವಾಗಿಯೇ ಉತ್ತರಿಸಿ ಫೋನ್ ಇಟ್ಟರು. ಸ್ವಲ್ಪ ಹೊತ್ತಿಗೆ ಜೂನಿಯರ್ ಹುಡುಗಿ ಬರೆದ ಪತ್ರದಲ್ಲಿ ಮೊತ್ತ ತಪ್ಪಿದ್ದು ಕಂಡಿತು. "ಇಷ್ಟೂ ಗೊತ್ತಾಗಲ್ವಾ?" ಅಂತ ಇಡೀ ತಂಡಕ್ಕೆ ಮೇಲ್ ಹೋಯಿತು. ಅಂದಿನಿಂದ ಆ ಹುಡುಗಿ ಇವರ ಹತ್ತಿರ ಏನೂ ಕೇಳುತ್ತಿಲ್ಲ. ತಪ್ಪುಗಳು ಗ್ರಾಹಕರ ಕೈಗೆ ಹೋದ ಮೇಲಷ್ಟೇ ಗೊತ್ತಾಗುತ್ತಿವೆ.

ಆ ಫೋನಿಗೂ ಈ ಮೇಲ್‌ಗೂ ನಂಟಿದೆ ಎಂದು ಅವರಿಗೆ ಹೊಳೆದೇ ಇರಲಿಲ್ಲ.

ಮಾತು ಕಮ್ಮಿ ಇರುವುದು ಕೊರತೆಯಲ್ಲ ಎಂದು ಮೊದಲು ಸ್ಪಷ್ಟವಾಗಿ ಹೇಳಿದೆ. ಮನೋವಿಜ್ಞಾನ ಹೇಳುವ ವ್ಯಕ್ತಿತ್ವದ ಐದು ಮುಖ್ಯ ಗುಣಗಳಲ್ಲಿ, ಬಹುತೇಕ ಎಲ್ಲ ಬಗೆಯ ಕೆಲಸಕ್ಕೂ ಒದಗಿಬರುವುದು ಅಚ್ಚುಕಟ್ಟುತನ, ಹೊಣೆಗಾರಿಕೆ ಎರಡೂ ಸೇರಿದ ಗುಣ. ಅದು ಇವರಲ್ಲಿ ಧಾರಾಳವಾಗಿದೆ. 1990ರಲ್ಲಿ ಮನೋವಿಜ್ಞಾನಿಗಳಾದ ಸಲೋವೆ ಮತ್ತು ಮೇಯರ್ ವಿವರಿಸಿದ ಭಾವನಾತ್ಮಕ ಬುದ್ಧಿವಂತಿಕೆ ಬೇರೆಯದೇ ಸಂಗತಿ: ತನ್ನ ಮತ್ತು ಇತರರ ಭಾವನೆ ಗುರುತಿಸಿ, ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದು. ಜನರ ಸಿಟ್ಟು, ಬೇಸರ ದಿನವಿಡೀ ಎದುರಿಸುವ ಕೆಲಸದಲ್ಲಿ ಇದರ ಅಗತ್ಯ ಜಾಸ್ತಿ. ಲೆಕ್ಕದ ಮೇಜಿನಲ್ಲಿ ಅಷ್ಟಾಗಿ ಬೇಕಾಗಿರಲಿಲ್ಲ, ಇಲ್ಲಿ ಬೇಕು. ಸಮಾಧಾನದ ವಿಷಯ ಅಂದರೆ, ಇದನ್ನು ಅಭ್ಯಾಸದಿಂದ ಬೆಳೆಸಿಕೊಳ್ಳಬಹುದು.

ನಗುತ್ತಾ ಮಾತಾಡಿ, ಎಲ್ಲರ ಜೊತೆ ಬೆರೆಯಿರಿ ಅಂತ ನಾನು ಹೇಳಲಿಲ್ಲ. ಒಳಗೆ ಕುದಿಯುತ್ತಾ ಹೊರಗೆ ನಗುವುದು ಜನರನ್ನು ಸುಸ್ತು ಮಾಡುತ್ತದೆ. ಅದನ್ನು ಅವರು ಆಗಲೇ ಮಾಡುತ್ತಿದ್ದರು. ಕಷ್ಟದ ಕರೆ ಮುಗಿದ ಕೂಡಲೇ "ಸಿಟ್ಟು", "ಅವಮಾನ" ಹೀಗೆ ಏನನ್ನಿಸಿತೋ ಅದನ್ನು ಒಂದು ಪದದಲ್ಲಿ ಬರೆದಿಡಲು ಹೇಳಿದೆ. ಆ ಗಳಿಗೆಯಲ್ಲಿ ಯಾರಿಗೂ ಮೇಲ್ ಬೇಡ. ತಿದ್ದುವುದಿದ್ದರೆ ಒಬ್ಬರನ್ನೇ ಕೂರಿಸಿಕೊಂಡು, "ಇದು ಹೇಗಾಯ್ತು?" ಎಂದು ಕೇಳಿ ಶುರು ಮಾಡಬೇಕು. ಆ ಹುಡುಗಿಯ ಹತ್ತಿರ ಕ್ಷಮೆ ಕೇಳಲೇಬೇಕು. ಮೇಲ್ ಎಲ್ಲರಿಗೂ ಹೋಗಿದ್ದರಿಂದ ಅದೂ ಎಲ್ಲರ ಎದುರಿಗೇ ಆಗಬೇಕು.

ಇಷ್ಟೆಲ್ಲಾ ಅವರೊಬ್ಬರ ತಲೆಗೇ ಕಟ್ಟುವುದು ನ್ಯಾಯವಲ್ಲ. ಬೈಗುಳದ ಕರೆಯ ನಂತರ ಇಡೀ ತಂಡಕ್ಕೆ ಸ್ವಲ್ಪ ಬಿಡುವು ಕೊಡಿ ಅಂತ ಮ್ಯಾನೇಜರ್ ಹತ್ತಿರ ಕೇಳಲು ಹೇಳಿದೆ. ಕೇಳಿದರು, ಸಿಕ್ಕಿತು. ಮುಂದಿನ ರೇಟಿಂಗ್ ಇನ್ನೂ ಬಂದಿಲ್ಲ. ಹುಡುಗಿ ಮಾತ್ರ ಈಗ ಪತ್ರ ಕಳಿಸುವ ಮೊದಲು ಇವರಿಗೆ ತೋರಿಸುತ್ತಾಳಂತೆ.