ಫ್ಲೈವೀಲ್ ತೂಕ ಆಮೇಲೆ, ಮೊದಲು ಸೀಟು ನೋಡಿ

ಸರ್, ಮನೆಯಲ್ಲಿ ವ್ಯಾಯಾಮಕ್ಕೆ ನಿಂತಲ್ಲೇ ತುಳಿಯುವ ಸೈಕಲ್ ಬೇಕು, 6 ಕೆಜಿ ಫ್ಲೈವೀಲ್ (ತುಳಿದಾಗ ತಿರುಗುವ ಭಾರದ ಚಕ್ರ) ಇರುವ ಅಪ್‌ರೈಟ್ ಬೈಕ್ (ನೆಟ್ಟಗೆ ಕೂತು ತುಳಿಯುವಂಥದ್ದು) ತಗೊಳ್ಳೋದಾ, 18 ಕೆಜಿಯ ಸ್ಪಿನ್ ಬೈಕ್ (ಮುಂದೆ ಬಾಗಿ ಜೋರಾಗಿ ತುಳಿಯುವಂಥದ್ದು) ತಗೊಳ್ಳೋದಾ ಎಂದು ಕೇಳಿದ್ದೀರಿ. ನೀವೂ ತುಳಿಯಬೇಕು, ಮಂಡಿನೋವಿರುವ ಅಮ್ಮನೂ ತುಳಿಯಬೇಕು, ಅಲ್ವಾ? ಹಾಗಿದ್ದರೆ ನನ್ನ ಓಟು ಮ್ಯಾಗ್ನೆಟಿಕ್, ಅಂದರೆ ಅಯಸ್ಕಾಂತದಿಂದ ಬಿಗಿ ಕೊಡುವ ಅಪ್‌ರೈಟ್‌ಗೆ. ಆದರೆ ಸೀಟು ಹಿಂದೆ ಮುಂದೆಯೂ ಸರಿಯುವಂಥದ್ದನ್ನೇ ಹುಡುಕಿ. ಅಗ್ಗದ ಅಪ್‌ರೈಟ್‌ಗಳಲ್ಲಿ ಎಷ್ಟೋ ಸಲ ಅದು ಮೇಲೆ ಕೆಳಗೆ ಮಾತ್ರ ಹೋಗುತ್ತದೆ.

ಕೊಳ್ಳುವ ಮೊದಲು ಇಬ್ಬರೂ ಕೂತು ನೋಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ಸ್ವಲ್ಪ ಬಾಗಿರಬೇಕು, ಸುಮಾರು 25ರಿಂದ 35 ಡಿಗ್ರಿ. ತುಳಿಯುವಾಗ ಸೊಂಟ ಅತ್ತಿತ್ತ ಓಲಾಡಿದರೆ ಸೀಟು ಜಾಸ್ತಿ ಎತ್ತರವಾಯಿತು. ತೀರಾ ತಗ್ಗಿದ್ದರೆ ಮಂಡಿಯ ಮುಂಭಾಗಕ್ಕೆ ಭಾರ ಬೀಳುತ್ತದೆ. ಸೀಟಿನ ಕಂಬದ ತೂತುಗಳು ದೂರದೂರ ಇದ್ದರೆ ನಿಮಗೆ ಬೇಕಾದ ಎತ್ತರ ಎರಡು ತೂತುಗಳ ನಡುವೆ ಸಿಕ್ಕಿಕೊಳ್ಳಬಹುದು, ಅದನ್ನೂ ನೋಡಿ.

ಇನ್ನು ಆ 18 ಕೆಜಿ. ಮ್ಯಾಗ್ನೆಟಿಕ್ ಬೈಕಿನಲ್ಲಿ ಕಾಲಿಗೆ ಬಿಗಿ ಕೊಡುವುದು ಅಯಸ್ಕಾಂತ, ಚಕ್ರದ ತೂಕ ಅಲ್ಲ. ತೂಕ ಇದ್ದರೆ ತುಳಿತ ಎಳೆದೆಳೆದು ಸಾಗದೆ ಒಂದೇ ಸಮ ಬರುತ್ತದೆ, ಅಷ್ಟೆ. ಸಣ್ಣ ಚಕ್ರವನ್ನು ಜಾಸ್ತಿ ವೇಗದಲ್ಲಿ ತಿರುಗಿಸಿಯೂ ಹೆಚ್ಚುಕಮ್ಮಿ ಅದೇ ಅನುಭವ ಕೊಡಬಹುದು. ಜಾಹೀರಾತಿನಲ್ಲಿ ಇದನ್ನು ಹೇಳೋದಿಲ್ಲ ಬಿಡಿ. ಪ್ಯಾಡ್ ಚಕ್ರಕ್ಕೆ ಉಜ್ಜುವ ಫ್ರಿಕ್ಷನ್ ಮಾದರಿ ಬೇಡ. ಪ್ಯಾಡ್ ಸವೆಯುತ್ತದೆ, ಪುಡಿ ಉದುರುತ್ತದೆ, ಸದ್ದೂ ಮಾಡುತ್ತದೆ.

ಸ್ಪಿನ್ ಬೈಕ್ ಬೇಡ ಅನ್ನೋದಕ್ಕೆ ದೊಡ್ಡ ಕಾರಣ ಬೇರೆ ಇದೆ. ಹೆಚ್ಚಿನವುಗಳಲ್ಲಿ ಪೆಡಲ್ ಮತ್ತು ಚಕ್ರ ಒಟ್ಟಿಗೇ ತಿರುಗುತ್ತವೆ. ನೀವು ಕಾಲು ನಿಲ್ಲಿಸಿದರೂ ಪೆಡಲ್ ನಿಲ್ಲುವುದಿಲ್ಲ, ನಾಬ್ ಒತ್ತಿ ಬ್ರೇಕ್ ಹಾಕಬೇಕು. ಮಂಡಿನೋವಿನವರಿಗೆ ಗಾಬರಿಯಲ್ಲಿ ಅದು ಹೊಳೆಯುವುದು ಕಷ್ಟ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಯೋಚಿಸಲೇಬೇಕು. ನೀವು ಎದ್ದು ನಿಂತು ಜೋರಾಗಿ ತುಳಿಯುವವರಾದರೆ ಮಾತ್ರ ಲೆಕ್ಕ ತಿರುಗುತ್ತದೆ, ಏಕೆಂದರೆ ಹಗುರ ಅಪ್‌ರೈಟ್ ಆಗ ಅಲುಗಾಡುತ್ತದೆ.

ಅಮ್ಮನಿಗೆ ಬೆನ್ನುನೋವೂ ಇದ್ದರೆ, ಜಾಗವೂ ಇದ್ದರೆ, ಬೆನ್ನಿಗೆ ಒರಗು ಇರುವ ರಿಕಂಬೆಂಟ್ ಬೈಕನ್ನೂ ಒಮ್ಮೆ ನೋಡಿ. ಕಾಲು ಎತ್ತಿ ದಾಟುವ ಕಷ್ಟ ಅದರಲ್ಲಿ ಕಡಿಮೆ. ಮಂಡಿಗೆ ಎಷ್ಟು ಬಿಗಿ ಇಡಬಹುದು ಎಂದು ಡಾಕ್ಟರನ್ನೇ ಕೇಳಿ.

ಬೈಕಿನ ಡಿಸ್‌ಪ್ಲೇ ಪರದೆಗೆ ಸುಮ್ನೆ ದುಡ್ಡು ಸುರಿಯಬೇಡಿ, ಅದು ತೋರಿಸುವ ಕ್ಯಾಲೊರಿ ಬರೀ ಅಂದಾಜು. ಜೋಡಿಸುವಾಗ ಒಂದು ನೆನಪಿರಲಿ: ಎಡ ಪೆಡಲಿನ ಥ್ರೆಡ್ (ತಿರುಪಿನ ಸುತ್ತು) ಉಲ್ಟಾ ಇರುತ್ತದೆ. ಬಲವಂತವಾಗಿ ಬಲಕ್ಕೆ ತಿರುಗಿಸಿದರೆ ಕ್ರ್ಯಾಂಕ್ (ಪೆಡಲ್ ಕೂರಿಸುವ ತೋಳು) ಹಾಳಾಗುತ್ತದೆ.