ಓದುಗರ ಪ್ರಶ್ನೆ: ತುಲಾ ಮಾಸದ ಬಿಸಿಲು ನಂಬಿ ಕಾಫಿ ಹರಡಬಹುದೇ?

ಪ್ರಶ್ನೆ: ಚಿತ್ತೆ ಮಳೆ ಕೈಕೊಟ್ಟಿತು, ಸ್ವಾತಿ ಬಂದರೂ ಒಣ ಬಿಸಿಲು. ಮೊದಲ ಅರೇಬಿಕಾ ಹಣ್ಣಾಗಿದೆ. ಮೊಬೈಲ್ ‘ನಾಳೆ ಮಳೆ ಶೇ. 40’ ಎನ್ನುತ್ತದೆ, ಹವಾಮಾನ ಇಲಾಖೆ ‘ಒಂದೆರಡು ಕಡೆ ಗುಡುಗು ಸಹಿತ ಮಳೆ’ ಎನ್ನುತ್ತದೆ. ಕೊಯ್ಯುವುದೋ, ಕಾಯುವುದೋ?
– ಓದುಗರು, ಸುಂಟಿಕೊಪ್ಪ, ಕೊಡಗು

ಉತ್ತರ: ಹಣ್ಣಾಗಿದ್ದರೆ ಕೊಯ್ಯಿರಿ. ಚೆರ್ರಿ (ಸಿಪ್ಪೆ ಸಹಿತ ಒಣಗಿಸುವ ಕಾಫಿ ಹಣ್ಣು) ಒಣಗಲು ಒಳ್ಳೆಯ ಬಿಸಿಲಿನಲ್ಲೇ 12ರಿಂದ 15 ದಿನ ಬೇಕು. ಅಷ್ಟು ದಿನದ ಮಳೆಯನ್ನು ಯಾವ ಮುನ್ಸೂಚನೆಯೂ ನಿಮ್ಮ ಕಣದ ಮಟ್ಟಕ್ಕೆ ಹೇಳಲಾರದು. ಕಾದರೆ ಗಿಡದಲ್ಲೇ ಹಣ್ಣು ಒಡೆದು ಉದುರುತ್ತದೆ. ಮುನ್ಸೂಚನೆ ನೋಡಿ ತೀರ್ಮಾನಿಸಬೇಕಾದದ್ದು ಇಷ್ಟೇ: ಇವತ್ತು ಎಷ್ಟು ಹರಡಬೇಕು, ಎಷ್ಟು ಗಂಟೆಗೆ ಮುಚ್ಚಬೇಕು.

ಇಲಾಖೆಯ ಭಾಷೆಯಲ್ಲಿ ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ. 25ರವರೆಗೆ, ‘ಕೆಲವು ಕಡೆ’ ಎಂದರೆ ಶೇ. 26ರಿಂದ 50. ಈ ಕಾಲದ ಗುಡುಗು ಮಳೆ ಕೆಲವೇ ಕಿಲೋಮೀಟರ್ ಅಗಲದ್ದು. ಬಿಸಿಲಿಗೆ ಕಾದ ಬೆಟ್ಟದ ಮೈಯಿಂದ ತೇವದ ಗಾಳಿ ಮೇಲೇರಿ ಅಲ್ಲೇ ಮೋಡ ಕಟ್ಟಿ ಸುರಿಯುತ್ತದೆ. ಪಕ್ಕದ ಮಾದಾಪುರದಲ್ಲಿ ಚರಂಡಿ ತುಂಬಿ ಹರಿದರೂ ನಿಮ್ಮಲ್ಲಿ ಧೂಳೂ ಅಡಗದಿರಬಹುದು. ಅಷ್ಟಕ್ಕೇ ಮುನ್ಸೂಚನೆ ಸುಳ್ಳಾಯಿತು ಎನ್ನಬೇಡಿ.

ಒಣ ಹವೆ ಕಚ್ಚಿಕೊಂಡಾಗ ‘ನಾಳೆಯೂ ಇವತ್ತಿನ ಹಾಗೆಯೇ’ ಎಂಬ ಅಂದಾಜು ಬಹಳ ಸಲ ಸರಿಹೋಗುತ್ತದೆ. ಆದ್ದರಿಂದ ಬದಲಾವಣೆಯ ಗುರುತುಗಳ ಮೇಲೆ ಕಣ್ಣಿಡಿ. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಇಲ್ಲ, ಕನಿಷ್ಠ ಉಷ್ಣತೆ ಹಿಂದಿನ ದಿನಗಳಿಗಿಂತ 2–3 ಡಿಗ್ರಿ ಹೆಚ್ಚಿದೆ ಎಂದಾದರೆ ರಾತ್ರಿ ಮೋಡವೋ ತೇವದ ಗಾಳಿಯೋ ಬಂದಿದೆ ಎಂದರ್ಥ. ಹನ್ನೊಂದು ಗಂಟೆಯೊಳಗೇ ಹತ್ತಿಯಂಥ ಮೋಡ ಅಗಲಕ್ಕಿಂತ ಎತ್ತರಕ್ಕೆ ಬೆಳೆಯತೊಡಗಿದರೆ ಮಧ್ಯಾಹ್ನ ಎರಡರ ನಂತರ ಹುಷಾರು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ತಮಿಳುನಾಡು ಕರಾವಳಿಯ ಕಡೆ ಬಂದರೆ ಇಲ್ಲಿಗೂ ಮೋಡ ಹಿಡಿಯುತ್ತದೆ. ಒಡಿಶಾ ಕಡೆ ಹೋದರೆ ಸಾಮಾನ್ಯವಾಗಿ ನಮ್ಮ ಒಣ ಹವೆಯೇ ಮುಂದುವರಿಯುತ್ತದೆ.

ಇಂಥ ದಿನ ಬೆಳಿಗ್ಗೆ ಇಲಾಖೆಯ ಜಿಲ್ಲಾ ಮುನ್ಸೂಚನೆ ನೋಡಿ, ಮಧ್ಯಾಹ್ನದ ನಂತರ ಮುಂದಿನ ಮೂರು ಗಂಟೆಯ ತಕ್ಷಣದ ಮುನ್ಸೂಚನೆಗೆ ಹೊರಳಿ. ನಿಮ್ಮ ಸುತ್ತ 20 ಮತ್ತು 40 ಕಿ.ಮೀ. ತ್ರಿಜ್ಯದೊಳಗೆ ಬೀಳುವ ಸಿಡಿಲನ್ನು ‘ದಾಮಿನಿ’ ಆ್ಯಪ್ ತೋರಿಸುತ್ತದೆ. ಟಾರ್ಪಾಲಿನ್ ಎಳೆಯುವ ಕೆಲಸ ಮೋಡ ಕಪ್ಪಾಗುವಾಗಲೇ ಮುಗಿಯಬೇಕು. ಗುಡುಗು ಕೇಳಿದ ಮೇಲೆ ಬಯಲು ಕಣದಲ್ಲಿ ಆಳುಗಳನ್ನು ನಿಲ್ಲಿಸಬೇಡಿ, ಕಾಫಿ ನೆನೆದರೆ ನೆನೆಯಲಿ.

ಪ್ರಶ್ನೆ: ಮಳೆಯೇ ಇಲ್ಲ, ಆದರೂ ಬೆಳಿಗ್ಗೆ ಕಣದ ಕಾಫಿ ಒದ್ದೆ. ಮುಚ್ಚಿದರೆ ಟಾರ್ಪಾಲಿನ್ ಒಳಗೂ ನೀರು.
– ಓದುಗರು, ನಾಪೋಕ್ಲು

ಉತ್ತರ: ಆಕಾಶ ಶುಭ್ರವಾಗಿದ್ದು ಗಾಳಿ ಆಡದಿದ್ದರೆ ನೆಲದ ಬಿಸಿ ರಾತ್ರಿ ಬೇಗ ಹಾರಿಹೋಗುತ್ತದೆ, ಇಬ್ಬನಿ ಇಳಿಯುತ್ತದೆ. ತಣ್ಣನೆಯ ಗಾಳಿ ಇಳಿದು ನಿಲ್ಲುವ ಗದ್ದೆ ಬಯಲಿನ ಪಕ್ಕದ ಕಣಕ್ಕೆ ಇದು ಹೆಚ್ಚು. ಬಿಸಿಲು ಇಳಿಯುವ ಮೊದಲು, ನಾಲ್ಕೂವರೆ–ಐದಕ್ಕೆ, ಕಾಫಿ ಒಟ್ಟುಗೂಡಿಸಿ ಮೊದಲು ಗೋಣಿ, ಅದರ ಮೇಲೆ ಟಾರ್ಪಾಲಿನ್ ಹಾಕಿ. ಟಾರ್ಪಾಲಿನ್ನಿನ ಬೆವರನ್ನು ಗೋಣಿ ಹೀರುತ್ತದೆ. ಬೆಳಿಗ್ಗೆ ಕಣದ ನೆಲ ಒಣಗಿದ ಮೇಲೆ ತೆಗೆಯಿರಿ, ಅವಸರ ಬೇಡ.

ಹೊಸದಾಗಿ ಕೊಯ್ದ ಚೆರ್ರಿಯನ್ನು ಮಾತ್ರ ಎತ್ತರದ ರಾಶಿ ಮಾಡಬೇಡಿ. ಕೈ ಒಳಗೆ ತೂರಿಸಿ ನೋಡಿ: ಬೆಚ್ಚಗಿದ್ದು ಹುಳಿ ವಾಸನೆ ಬಂದರೆ ಆಗಲೇ ಹುದುಗು ಹಿಡಿದಿದೆ, ಮುಂದೆ ಬೂಷ್ಟು. ಮೊದಲ ಕೆಲವು ದಿನ ತಗ್ಗು ಸಾಲು ಮಾಡಿ, ಎರಡು ತುದಿಯಲ್ಲೂ ಗಾಳಿಗೆ ಜಾಗ ಬಿಟ್ಟು ಮುಚ್ಚಿ. ಹಗಲು ಪದರ 8 ಸೆಂ.ಮೀ. ಮೀರದಿರಲಿ, ಗಂಟೆಗೊಮ್ಮೆ ಕೆದಕಿ. ಅರೇಬಿಕಾ ಚೆರ್ರಿಯ ತೇವಾಂಶ ಶೇ. 10.5ಕ್ಕೆ ಇಳಿಯುವವರೆಗೆ ಇದು ತಪ್ಪುವುದಿಲ್ಲ.

ಪ್ರಶ್ನೆ: ನಾವು ಮಳೆಯನ್ನು ಇಂಚು, ಸೆಂಟ್‌ನಲ್ಲಿ ಬರೆಯುತ್ತೇವೆ. ಆ್ಯಪ್ ಮಿ.ಮೀ. ತೋರಿಸುತ್ತದೆ. ಉಷ್ಣತೆಯೂ ತಾಳೆಯಾಗುವುದಿಲ್ಲ.
– ಓದುಗರು, ಕುಶಾಲನಗರ

ಉತ್ತರ: ಒಂದು ಇಂಚು, ಅಂದರೆ 100 ಸೆಂಟ್, 25.4 ಮಿ.ಮೀ. ಇಲಾಖೆ ‘ಹಗುರ ಮಳೆ’ ಎನ್ನುವುದು 2.5ರಿಂದ 15.5 ಮಿ.ಮೀ., ಅಂದರೆ ಹತ್ತರಿಂದ ಅರವತ್ತು ಸೆಂಟ್. ಅರವತ್ತು ಸೆಂಟ್ ಕಣಕ್ಕೆ ಹಗುರವಲ್ಲ! ಇಲಾಖೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ನೀವೂ ಅದೇ ಹೊತ್ತಿಗೆ ಅಳೆದರೆ ಮಾತ್ರ ಹೋಲಿಕೆ ಸರಿ.

ಉಷ್ಣತೆ ನೋಡುವಾಗ ಆ್ಯಪ್‌ನಲ್ಲಿ ಆಯ್ಕೆಯಾದ ಊರು ಮಡಿಕೇರಿಯೋ ಕುಶಾಲನಗರವೋ ಗಮನಿಸಿ. ನಿಮ್ಮೂರು ಸುಮಾರು 300 ಮೀಟರ್ ತಗ್ಗಿನಲ್ಲಿದೆ, ಹಗಲಿನಲ್ಲಿ ಎರಡು ಡಿಗ್ರಿ ವ್ಯತ್ಯಾಸ ಸಹಜ. ಥರ್ಮಾಮೀಟರನ್ನು ಶೀಟಿನ ಮಾಡಿನಡಿಯಲ್ಲೋ ಕಣದ ಗೋಡೆಗೋ ತೂಗಿದ್ದರೆ ತೆಗೆದು, ಗಾಳಿಯಾಡುವ ನೆರಳಿನಲ್ಲಿ ನೆಲದಿಂದ ನಾಲ್ಕೈದು ಅಡಿ ಎತ್ತರಕ್ಕೆ ಕಟ್ಟಿ. ಮಳೆಮಾಪಕ ಸಿಲ್ವರ್ ಓಕ್ ಮರಗಳಿಂದ ದೂರ ಇರಲಿ, ಮರದ ಎತ್ತರದ ಎರಡು ಪಟ್ಟಾದರೂ.