ನೇರವಾಗಿ ಕೇಳಿಬಿಡಿ
ಡೊಂಬಿವಲಿಯ ನಿಮ್ಮ ತಮ್ಮನ ಕೆಲಸ ಹೋಗಿದೆ, ಈಗ ಮದುವೆಯೂ ಮುರಿದಿದೆ. ‘ಸಾಯೋ ಯೋಚನೆ ಬರ್ತಿದೆಯಾ ಅಂತ ಕೇಳಿದರೆ ನಾವೇ ತಲೆಗೆ ಹಾಕಿದಂತಾಗುತ್ತಾ’ ಅಂದಿದ್ದೀರಿ. ಇಲ್ಲ, ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಸಲ ಎದೆಭಾರ ಇಳಿಯುತ್ತದೆ.

ಒಂದು ಪೆಟ್ಟನ್ನು ಹೆಚ್ಚಿನವರು ತಡೆದುಕೊಳ್ಳುತ್ತಾರೆ. ಪೆಟ್ಟಿನ ಮೇಲೆ ಪೆಟ್ಟು ಬಿದ್ದು, ನಿದ್ದೆ ಕೆಟ್ಟು, ಕುಡಿತವೂ ಸೇರಿದರೆ ಅಪಾಯ ಜಾಸ್ತಿ. ನನ್ನ ಕೆಲಸ ಹೋದಾಗ ನಾನೂ ದಿನಾ ಮುಂಬೈ ಲೋಕಲ್ ರೈಲು ಹತ್ತಿ, ದಾದರ್‌ನಲ್ಲಿ ಸುಮ್ನೆ ಕೂತು ಬರುತ್ತಿದ್ದೆ. ಪಾಪ, ಅಮ್ಮ ಡಬ್ಬಿ ಕಟ್ಟಿ ಕೊಡುತ್ತಿದ್ದಳು! ಅಣ್ಣ ನೇರವಾಗಿ ಕೇಳಿದ ಮೇಲೇ ಬಾಯಿಬಿಟ್ಟೆ.

ತಮ್ಮ ‘ಹೌದು’ ಅಂದರೆ ಒಬ್ಬನನ್ನೇ ಬಿಡಬೇಡಿ. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.